ಡಯಾಲಿಸಿಸ್ ದಿನ ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಬೇಕೇ?

ಓದುಗರ ಪ್ರಶ್ನೆ, ಫಾರ್ಮಸಿಸ್ಟ್ ಉತ್ತರ

ಕಿಡ್ನಿ ತೊಂದರೆ ಇರುವವರು ನೋವಿನ ಮಾತ್ರೆ ನುಂಗುವ ಮುಂಚೆ ಯೋಚಿಸಬೇಕು ಎಂದು ಕಳೆದ ಸಂಚಿಕೆಯಲ್ಲಿ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿಮೋಡಯಾಲಿಸಿಸ್ (ಮಷಿನ್ ಮೂಲಕ ರಕ್ತ ಸೋಸುವುದು) ಮಾಡಿಸಿಕೊಳ್ಳುವವರ ಮನೆಗಳಿಂದಲೇ ಬಂದಿವೆ. ಹಾಗಾಗಿ ಈ ಸಲದ ಪುಟಗಳೆಲ್ಲ ಅವರಿಗೇ. ನಾನು ವೈದ್ಯೆಯಲ್ಲ, ಆಸ್ಪತ್ರೆಯ ಡಯಾಲಿಸಿಸ್ ಘಟಕದಲ್ಲಿ ರೋಗಿಗಳ ಔಷಧಗಳನ್ನು ನೋಡಿಕೊಳ್ಳುವ ಕ್ಲಿನಿಕಲ್ ಫಾರ್ಮಸಿಸ್ಟ್. ಇಲ್ಲಿ ಓದಿದ್ದನ್ನು ನಂಬಿ ನೀವಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ, ಬದಲಾಯಿಸಬೇಡಿ. ನಿಮ್ಮ ನೆಫ್ರಾಲಜಿಸ್ಟ್ (ಕಿಡ್ನಿ ತಜ್ಞರು) ಮುಂದೆ ಕೂತಾಗ ಏನು ಕೇಳಬೇಕೆಂದು ಗೊತ್ತಾದರೆ ಸಾಕು.

ಪ್ರಶ್ನೆ: ನಮ್ಮ ತಂದೆಗೆ 61 ವರ್ಷ. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಸಲ ಡಯಾಲಿಸಿಸ್. ಬೆಳಿಗ್ಗೆ ಆರಕ್ಕೆ ಬಿ.ಪಿ.ಯ ಮೂರು ಮಾತ್ರೆ (ಅಟೆನೊಲಾಲ್, ಆಮ್ಲೊಡಿಪಿನ್, ಕ್ಲೊನಿಡಿನ್) ನುಂಗಿ, ಹೊಟ್ಟೆ ತುಂಬ ತಿಂಡಿ ತಿಂದು, ಏಳೂವರೆಗೆ ಮಷಿನ್‌ಗೆ ಹಾಕಿಸಿಕೊಳ್ಳುತ್ತಾರೆ. ಎರಡು ಗಂಟೆ ಕಳೆಯುವಷ್ಟರಲ್ಲಿ ಬಿ.ಪಿ. ಕುಸಿದು ಬೆವರುತ್ತಾರೆ, ಮೀನಖಂಡ ಹಿಡಿದುಕೊಳ್ಳುತ್ತದೆ. ನಾಲ್ಕು ಗಂಟೆ ನಡೆಯಬೇಕಾದ್ದನ್ನು ಎಷ್ಟೋ ಸಲ ಮೂರೇ ಗಂಟೆಗೆ ನಿಲ್ಲಿಸಿಬಿಡುತ್ತಾರೆ. ಅದೇ ದಿನ ರಾತ್ರಿ ಮನೆಯಲ್ಲಿ ನೋಡಿದರೆ 170 ದಾಟಿರುತ್ತದೆ. ಡಯಾಲಿಸಿಸ್ ದಿನ ಮಾತ್ರೆ ಬಿಡಬಹುದೇ? – ಓದುಗರೊಬ್ಬರು, ಕಡೂರು

ಉತ್ತರ: ಮಾತ್ರೆಗಳ ಹೆಸರು ಬರೆದು ಕಳಿಸಿದ್ದು ತುಂಬ ಒಳ್ಳೆಯದಾಯಿತು. ‘ಬಿ.ಪಿ. ಮಾತ್ರೆ’ ಎಂದಷ್ಟೇ ಬರೆದಿದ್ದರೆ ನಾನು ಏನೂ ಹೇಳುವ ಹಾಗಿರಲಿಲ್ಲ. ಈ ಮೂರೂ ಡಯಾಲಿಸಿಸ್ ಮಷಿನ್ ಎದುರು ಮೂರು ಬಗೆಯಲ್ಲಿ ವರ್ತಿಸುತ್ತವೆ.

ಅಟೆನೊಲಾಲ್ ರಕ್ತದಿಂದ ಫಿಲ್ಟರ್ ಮೂಲಕ ಹೊರಟುಹೋಗುವ ಔಷಧ. ಆರಕ್ಕೆ ನುಂಗಿದ್ದು ಡಯಾಲಿಸಿಸ್‌ನ ಮೊದಲ ಭಾಗದಲ್ಲಿ ಬಿ.ಪಿ. ಇಳಿಸುವುದಕ್ಕೆ ಕೈಜೋಡಿಸುತ್ತದೆ, ಆಮೇಲೆ ಮಷಿನ್ ಪಾಲಾಗುತ್ತದೆ. ಬೆಳಿಗ್ಗೆ ಕುಸಿತ, ರಾತ್ರಿ ಏರಿಕೆ ಎರಡಕ್ಕೂ ಇದೊಂದು ಕಾರಣ ಇರಬಹುದು. ಮೆಟೊಪ್ರೊಲಾಲ್, ಎನಾಲಾಪ್ರಿಲ್, ಲಿಸಿನೊಪ್ರಿಲ್ ಕೂಡ ಇದೇ ಗುಂಪಿನವು. ಇಂಥ ಮಾತ್ರೆಗಳನ್ನು ಡಯಾಲಿಸಿಸ್ ದಿನ ಮುಗಿಸಿಕೊಂಡು ಬಂದ ಮೇಲೆ ಕೊಡುವುದು ವಾಡಿಕೆ. ಆಮ್ಲೊಡಿಪಿನ್ ಫಿಲ್ಟರ್‌ನಲ್ಲಿ ಹೋಗುವುದಿಲ್ಲ; ಟೆಲ್ಮಿಸಾರ್ಟಾನ್, ಕಾರ್ವೆಡಿಲಾಲ್ ಸಹ ಹೋಗುವುದಿಲ್ಲ. ಹಾಗಾಗಿ ಅದನ್ನು ರಾತ್ರಿ ಮಲಗುವ ಹೊತ್ತಿಗೆ ಬದಲಾಯಿಸಬಹುದೇ ಎಂದು ವೈದ್ಯರನ್ನು ಕೇಳಿ. ಮೂರನೆಯದು ಕ್ಲೊನಿಡಿನ್. ಇದರ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಹಠಾತ್ತಾಗಿ ಬಿಟ್ಟರೆ ಬಿ.ಪಿ. ಮೊದಲಿಗಿಂತಲೂ ಮೇಲಕ್ಕೆ ಚಿಮ್ಮುತ್ತದೆ. ‘ಇವತ್ತು ಡಯಾಲಿಸಿಸ್, ಯಾವ ಮಾತ್ರೆಯೂ ಬೇಡ’ ಎಂದು ಮೂರನ್ನೂ ಬಿಡುವ ಮನೆಗಳಲ್ಲಿ ರಾತ್ರಿ ತಲೆನೋವು, 200 ದಾಟಿದ ಬಿ.ಪಿ. ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಆದರೆ ಎಲ್ಲ ತಪ್ಪನ್ನೂ ಮಾತ್ರೆಗಳ ಮೇಲೆ ಹೊರಿಸಬೇಡಿ. ಎರಡು ಡಯಾಲಿಸಿಸ್‌ಗಳ ನಡುವೆ ಮೈಯಲ್ಲಿ ನೀರು ನಿಂತು ತಂದೆಯವರ ತೂಕ ಎಷ್ಟು ಏರುತ್ತದೆ ಎಂದು ನೀವು ಬರೆದಿಲ್ಲ. ಒಂದು ಕಿಲೋ ದೇಹತೂಕಕ್ಕೆ ಗಂಟೆಗೆ 13 ಎಂ.ಎಲ್.ಗಿಂತ ವೇಗವಾಗಿ ನೀರು ಎಳೆದರೆ ಹೃದಯಕ್ಕೆ ಕಷ್ಟ ಎನ್ನುತ್ತಾರೆ. 60 ಕಿಲೋ ತೂಕದವರಿಗೆ ಲೆಕ್ಕ ಹಾಕಿ: ನಾಲ್ಕು ಗಂಟೆಯಲ್ಲಿ ಹೆಚ್ಚುಕಡಿಮೆ ಮೂರು ಲೀಟರ್. ನಾಲ್ಕೂವರೆ ಕಿಲೋ ಹೊತ್ತು ಬಂದವರಿಂದ ಅಷ್ಟನ್ನೂ ಒಂದೇ ಸಲ ತೆಗೆಯಲು ಹೋದರೆ ಮಾತ್ರೆ ನುಂಗದಿದ್ದರೂ ಬಿ.ಪಿ. ಬೀಳುತ್ತದೆ. ಹೊಟ್ಟೆ ತುಂಬ ತಿಂಡಿಯೂ ಒಂದು ಕಾರಣ. ಊಟವಾದ ಮೇಲೆ ರಕ್ತ ಹೊಟ್ಟೆಯ ಕಡೆಗೆ ಹರಿಯುತ್ತದೆ. ಆ ದಿನ ಹಗುರವಾಗಿ ತಿಂದು ಹೋಗಲಿ.

ಮೂರು ಗಂಟೆಗೇ ನಿಲ್ಲಿಸುವ ಮಾತು ನನಗೆ ಹೆಚ್ಚು ಕಳವಳ ತಂದಿತು. ವಾರದ 168 ಗಂಟೆಯೂ ದುಡಿಯುವ ಅಂಗದ ಕೆಲಸವನ್ನು ಎಂಟೇ ಗಂಟೆಯಲ್ಲಿ ಮಾಡಿಸುತ್ತಿದ್ದೇವೆ. ಅದರಲ್ಲೂ ಒಂದು ಗಂಟೆ ಹೋದರೆ ನಷ್ಟ ದೊಡ್ಡದು. ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಇಷ್ಟು ಬರೆದಿಡಿ: ಹಾಕುವ ಮುಂಚಿನ ತೂಕ ಮತ್ತು ಬಿ.ಪಿ., ಪ್ರತಿ ಗಂಟೆಯ ಬಿ.ಪಿ., ತೆಗೆದ ಮೇಲಿನ ತೂಕ ಮತ್ತು ಬಿ.ಪಿ., ರಾತ್ರಿ ಮಲಗುವಾಗಿನ ಬಿ.ಪಿ., ಯಾವ ಮಾತ್ರೆ ಎಷ್ಟು ಗಂಟೆಗೆ. ಆ ಪುಟ ನೋಡಿದ ನೆಫ್ರಾಲಜಿಸ್ಟ್ ಐದು ನಿಮಿಷದಲ್ಲಿ ಮಾತ್ರೆಯ ಹೊತ್ತನ್ನೂ ‘ಡ್ರೈ ವೇಟ್’ (ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ) ಅನ್ನೂ ಸರಿಪಡಿಸಬಲ್ಲರು. ಆ ಪುಟ ಇಲ್ಲದಿದ್ದರೆ ಅವರೂ ಊಹೆ ಮಾಡಬೇಕಾಗುತ್ತದೆ.

ಪ್ರಶ್ನೆ: ಮಾವನವರಿಗೆ ಫಾಸ್ಫರಸ್ ಇಳಿಯಲೆಂದು ಕ್ಯಾಲ್ಸಿಯಂ ಅಸಿಟೇಟ್ ಮಾತ್ರೆ ದಿನಕ್ಕೆ ಮೂರು ಕೊಟ್ಟಿದ್ದಾರೆ. ಊಟ ಅರಗಲಿ ಎಂದು ಎರಡು ಗಂಟೆ ಬಿಟ್ಟು ತಪ್ಪದೆ ಕೊಡುತ್ತಿದ್ದೇನೆ. ಆದರೂ ಫಾಸ್ಫರಸ್ 7.8ರಿಂದ ಇಳಿದಿಲ್ಲ. ಮೈಯೆಲ್ಲ ತುರಿಕೆ, ರಾತ್ರಿ ನಿದ್ದೆಯಿಲ್ಲ. ಮಾತ್ರೆ ಕಳಪೆಯೇ? – ಗೃಹಿಣಿ, ತಿಪಟೂರು

ಉತ್ತರ: ಮಾತ್ರೆಯಲ್ಲಿ ದೋಷ ಇರುವಂತೆ ಕಾಣುವುದಿಲ್ಲ. ನಿಮ್ಮ ಕಾಳಜಿಯಲ್ಲಂತೂ ಇಲ್ಲವೇ ಇಲ್ಲ. ಚೀಟಿಯಲ್ಲಿ ‘1-1-1’ ಎಂದು ಬರೆದು ಕಳಿಸಿದವರು, ಮಾತ್ರೆಗಳನ್ನು ಕೊಟ್ಟ ಮೆಡಿಕಲ್ಸ್‌ನವರು ಇನ್ನೊಂದು ವಾಕ್ಯ ಹೇಳಬೇಕಿತ್ತು.

ಈ ಮಾತ್ರೆ ರಕ್ತಕ್ಕೆ ಸೇರಿ ಕೆಲಸ ಮಾಡುವಂಥದ್ದಲ್ಲ. ಅದರ ಕೆಲಸವೆಲ್ಲ ಹೊಟ್ಟೆ ಮತ್ತು ಕರುಳಿನೊಳಗೆ, ಅನ್ನದ ನಡುವೆ. ಊಟದಲ್ಲಿರುವ ಫಾಸ್ಫರಸ್ಸನ್ನು ಅಲ್ಲೇ ಹಿಡಿದುಕೊಂಡು ಮಲದ ಮೂಲಕ ಹೊರಗೆ ಸಾಗಿಸುತ್ತದೆ. ಎರಡು ಗಂಟೆ ತಡವಾಗಿ ಕೊಟ್ಟರೆ ಬಸ್ಸು ಹೊರಟ ಮೇಲೆ ನಿಲ್ದಾಣಕ್ಕೆ ಬಂದಂತೆ. ಹಿಡಿಯಬೇಕಾದ್ದು ಆಗಲೇ ರಕ್ತ ಸೇರಿರುತ್ತದೆ. ಮಾತ್ರೆಯ ಕ್ಯಾಲ್ಸಿಯಂ ಮಾತ್ರ ಮೈಗೆ ಹತ್ತುತ್ತದೆ, ಅದೂ ಹೆಚ್ಚಾದರೆ ರಕ್ತನಾಳಗಳಲ್ಲಿ ಕೂರುತ್ತದೆ.

ನಮ್ಮ ಘಟಕಕ್ಕೆ ಬರುವವರಿಗೆ ನಾನು ಹೇಳುವುದು ಇಷ್ಟೇ: ಎಲೆಯಲ್ಲಿ ಉಪ್ಪು ಬಡಿಸುವ ಜಾಗ ಇದೆಯಲ್ಲ, ಅಲ್ಲಿ ಮಾತ್ರೆ ಇಡಿ. ಉಪ್ಪು ಹೇಗೂ ಇವರಿಗೆ ಬೇಡ. ಎರಡು ಮೂರು ತುತ್ತು ಉಂಡು ಮಾತ್ರೆ, ಆಮೇಲೆ ಮಿಕ್ಕ ಊಟ. ಮಾತ್ರೆಗೆಂದೇ ಬೇರೆ ಲೋಟ ನೀರು ಕುಡಿಯದೆ ಸಾರನ್ನದ ತುತ್ತಿನ ಜೊತೆಗೇ ನುಂಗುವವರೂ ಇದ್ದಾರೆ. ದಿನಕ್ಕೆ ಅಳೆದು ನೀರು ಕುಡಿಯುವವರಿಗೆ ಅಷ್ಟೂ ಉಳಿತಾಯವೇ. ಊಟ ಬಿಟ್ಟ ದಿನ ಆ ಹೊತ್ತಿನ ಮಾತ್ರೆಯೂ ಇಲ್ಲ.

ಇನ್ನೊಂದು ಮಾತು. ಮೂರು ಊಟಕ್ಕೆ ಸಮನಾಗಿ ಮೂರು ಹಂಚುವುದೇ ನಿಯಮ ಎಂದುಕೊಳ್ಳಬೇಡಿ. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಅವರೆಕಾಳು ಸಾರು, ಮೊಟ್ಟೆ, ಮೊಸರು ಇರುವ ದೊಡ್ಡ ಊಟ ಎಂದಾದರೆ ಮಧ್ಯಾಹ್ನಕ್ಕೆ ಎರಡು ಮಾಡಿ ಬೆಳಗಿನದನ್ನು ಬಿಡಬಹುದೇ ಎಂದು ವೈದ್ಯರನ್ನು ಕೇಳಿ. ಮಾತ್ರೆಯ ಲೆಕ್ಕ ಅಷ್ಟೇ ಇರುತ್ತದೆ, ಕೆಲಸ ಹೆಚ್ಚಾಗುತ್ತದೆ. ಬಾಟಲಿಯ ಕಪ್ಪು ಕೋಲಾ, ಪ್ಯಾಕೆಟ್ಟಿನ ಚೀಸ್, ಸಂಸ್ಕರಿಸಿದ ಮಾಂಸ ಇವುಗಳಲ್ಲಿ ಸೇರಿಸಿದ ಫಾಸ್ಫೇಟ್ ಕಾಳುಬೇಳೆಯಲ್ಲಿರುವುದಕ್ಕಿಂತ ಬಹಳ ಸುಲಭವಾಗಿ ರಕ್ತಕ್ಕೆ ಸೇರುತ್ತದೆ. ಕಡಿಮೆ ಮಾಡುವುದಾದರೆ ಅಲ್ಲಿಂದ ಶುರು ಮಾಡಿ, ಬೇಳೆ ಕಸಿದುಕೊಳ್ಳಬೇಡಿ. ಡಯಾಲಿಸಿಸ್ ಶುರುವಾದ ಮೇಲೆ ಅವರಿಗೆ ಪ್ರೋಟೀನ್ ಮೊದಲಿಗಿಂತ ಹೆಚ್ಚೇ ಬೇಕು.

ಮಾವನವರು ಥೈರಾಯ್ಡ್ ಮಾತ್ರೆಯನ್ನೂ ನುಂಗುತ್ತಿದ್ದರೆ ಅದಕ್ಕೂ ಈ ಮಾತ್ರೆಗೂ ನಾಲ್ಕು ಗಂಟೆ ಅಂತರ ಇರಲಿ. ಸಿಪ್ರೊಫ್ಲಾಕ್ಸಾಸಿನ್‌ನಂಥ ಆಂಟಿಬಯಾಟಿಕ್ ಬರೆದುಕೊಟ್ಟಾಗಲೂ ಈ ಮಾತ್ರೆಯ ವಿಷಯ ಹೇಳಿ ಹೊತ್ತು ಕೇಳಿಕೊಳ್ಳಿ. ಎರಡೂ ಒಟ್ಟಿಗೆ ಹೊಟ್ಟೆ ಸೇರಿದರೆ ಆಂಟಿಬಯಾಟಿಕ್ ಕೆಲಸಕ್ಕೆ ಬಾರದು. ಹೊತ್ತು ಸರಿ ಮಾಡಿದ ಮೇಲೂ ಫಾಸ್ಫರಸ್ ಇಳಿಯದಿದ್ದರೆ ಸೆವೆಲಮರ್‌ನಂಥ ಬೇರೆ ಮಾತ್ರೆಗಳಿವೆ. ಬೆಲೆ ಹೆಚ್ಚು. ಹಾಗಾಗಿ ಮೊದಲು ಇದನ್ನೇ ಸರಿಯಾಗಿ ಕೊಟ್ಟು ನೋಡೋಣ.

ಪ್ರಶ್ನೆ: ಅಮ್ಮನಿಗೆ ಡಯಾಲಿಸಿಸ್ ಶುರುವಾಗಿ ಒಂದು ವರ್ಷ. ಬಿಟ್ಟೂಬಿಡದೆ ಬಿಕ್ಕಳಿಕೆ ಬಂತೆಂದು ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದೆವು. ಬ್ಯಾಕ್ಲೊಫೆನ್ ಎಂಬ 10 ಮಿ.ಗ್ರಾಂ ಮಾತ್ರೆ ದಿನಕ್ಕೆ ಮೂರರಂತೆ ಕೊಟ್ಟರು. ಮರುದಿನ ಅಮ್ಮ ನಮ್ಮ ಗುರುತು ಹಿಡಿಯಲಿಲ್ಲ, ತೂಕಡಿಸುತ್ತಲೇ ಇದ್ದರು, ಕೈಕಾಲು ಜಗ್ಗುತ್ತಿತ್ತು. ಪಾರ್ಶ್ವವಾಯು ಎಂದು ಹೆದರಿ ಮಂಗಳೂರಿಗೆ ಓಡಿದೆವು. ಸ್ಕ್ಯಾನ್‌ನಲ್ಲಿ ಏನೂ ಇರಲಿಲ್ಲ. ಎರಡು ಡಯಾಲಿಸಿಸ್ ಆದ ಮೇಲೆ ಮೊದಲಿನಂತಾದರು. ಇದು ಮಾತ್ರೆಯಿಂದಲೇ ಆದದ್ದೇ? – ಮಗಳು, ಪುತ್ತೂರು

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಹಾಗೆಯೇ ಕಾಣುತ್ತದೆ. ಬ್ಯಾಕ್ಲೊಫೆನ್ ಸ್ನಾಯು ಸಡಿಲಿಸುವ ಔಷಧ. ಬಿಕ್ಕಳಿಕೆಗೂ ಕೊಡುತ್ತಾರೆ, ಕಿಡ್ನಿ ಸರಿ ಇರುವವರಿಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದರ ಬಹುಪಾಲು ಮೂತ್ರದಲ್ಲೇ ಹೊರಹೋಗಬೇಕು. ಮೂತ್ರವೇ ಇಲ್ಲದವರಲ್ಲಿ ಒಂದರ ಮೇಲೊಂದು ಸೇರುತ್ತಾ ಹೋಗಿ ಮಿದುಳನ್ನು ಮಂಕಾಗಿಸುತ್ತದೆ. ದಿನಕ್ಕೆ 5 ಮಿ.ಗ್ರಾಂ ತೆಗೆದುಕೊಂಡ ಡಯಾಲಿಸಿಸ್ ರೋಗಿಗಳಲ್ಲೂ ಹೀಗಾದದ್ದಿದೆ. ಡಯಾಲಿಸಿಸ್ ಅದನ್ನು ತೆಗೆದುಹಾಕುತ್ತದೆ, ಅದಕ್ಕೇ ಎರಡು ಸಲಕ್ಕೆ ಅಮ್ಮ ಚೇತರಿಸಿಕೊಂಡರು. ಅವರ ಡಯಾಲಿಸಿಸ್ ಫೈಲಿನ ಮೊದಲ ಪುಟದಲ್ಲಿ ‘ಬ್ಯಾಕ್ಲೊಫೆನ್ ಕೊಡಬಾರದು’ ಎಂದು ಕೆಂಪು ಶಾಯಿಯಲ್ಲಿ ಬರೆಸಿ.

ಇನ್ನೊಂದು ಮಾತು ಕೇಳಲೇಬೇಕು. ಬಿಕ್ಕಳಿಕೆ ಶುರುವಾಗುವ ಮುಂಚೆ ಅಮ್ಮ ಧಾರೆಹುಳಿ ತಿಂದಿದ್ದರೇ? ಘಟ್ಟದ ಮೇಲಿನವರು ಕಮರಾಕ್ಷಿ ಎನ್ನುವ, ಅಡ್ಡಕ್ಕೆ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು. ನಿಮ್ಮ ಕಡೆ ಹಿತ್ತಲಲ್ಲೇ ಮರ ಇರುತ್ತದೆ. ಉಪ್ಪಿನಕಾಯಿ, ಸಾರು, ಶರಬತ್ತು ಎಲ್ಲಕ್ಕೂ ಬಳಸುತ್ತಾರೆ. ಅದರಲ್ಲಿ ಕ್ಯಾರಂಬಾಕ್ಸಿನ್ ಎಂಬ ನರಗಳಿಗೆ ವಿಷವಾಗುವ ಅಂಶ ಇದೆ. 2013ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಕಿಡ್ನಿ ಚೆನ್ನಾಗಿದ್ದರೆ ಹೊರಹೋಗುವ ಆ ವಿಷ ಡಯಾಲಿಸಿಸ್ ರೋಗಿಯಲ್ಲಿ ಉಳಿದುಕೊಳ್ಳುತ್ತದೆ. ಒಂದು ಹಣ್ಣು, ಅರ್ಧ ಲೋಟ ರಸ ಸಾಕು. ಮೊದಲ ಲಕ್ಷಣ ಬಹಳ ಸಲ ನಿಲ್ಲದ ಬಿಕ್ಕಳಿಕೆಯೇ. ಆಮೇಲೆ ವಾಂತಿ, ಗೊಂದಲ, ಫಿಟ್ಸ್. ಸಾವೂ ಆಗಿದೆ. ಡಯಾಲಿಸಿಸ್ ರೋಗಿಗೆ ಬಿಕ್ಕಳಿಕೆ ಬಂದರೆ ಮಾತ್ರೆ ಕೇಳುವುದಕ್ಕೆ ಮುಂಚೆ ಘಟಕಕ್ಕೆ ಫೋನ್ ಮಾಡಿ, ಏನು ತಿಂದಿದ್ದರು ಎಂಬುದನ್ನೂ ಹೇಳಿ.

ಬ್ಯಾಕ್ಲೊಫೆನ್ ಜೊತೆಗೆ ಇನ್ನೂ ಕೆಲವನ್ನು ನೆನಪಿಡಿ. ನರನೋವಿಗೆ, ತುರಿಕೆಗೆ ಕೊಡುವ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಇವರಿಗೆ ಕೊಡಬಹುದು, ಆದರೆ ಬಹಳ ಸಣ್ಣ ಪ್ರಮಾಣದಲ್ಲಿ, ಡಯಾಲಿಸಿಸ್ ಆದ ಮೇಲೆ. ಸರ್ಪಸುತ್ತಿಗೆ ಎಲ್ಲರಿಗೂ ಅಸೈಕ್ಲೊವಿರ್ 800 ಮಿ.ಗ್ರಾಂ ದಿನಕ್ಕೆ ಐದು ಸಲ ಬರೆಯುತ್ತಾರೆ. ಡಯಾಲಿಸಿಸ್ ರೋಗಿಗೆ ಅದೇ ಪ್ರಮಾಣ ಹೋದರೆ ಬುದ್ಧಿಭ್ರಮಣೆಯಾಗುತ್ತದೆ. ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಬಿಳಿ ಜೆಲ್‌ಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುತ್ತವೆ. ಇವೆರಡನ್ನೂ ಹೊರಹಾಕಬೇಕಾದ್ದು ಕಿಡ್ನಿಯೇ. ಅಲ್ಯೂಮಿನಿಯಂ ಮೂಳೆಯಲ್ಲಿ, ಮಿದುಳಲ್ಲಿ ಸೇರಿಕೊಳ್ಳುತ್ತದೆ. ನೀರಿಗೆ ಹಾಕಿದರೆ ಬುಸುಗುಟ್ಟುವ ಪುಡಿಗಳಲ್ಲಿ ಸೋಡಿಯಂ ತುಂಬಿರುತ್ತದೆ, ಕುಡಿದ ಮೇಲೆ ಬಾಯಾರಿಕೆ ಬೇರೆ.

‘ಕಿಡ್ನಿ ಹೇಗೂ ಹೋಗಿದೆ, ಇನ್ನು ನೋವಿನ ಮಾತ್ರೆ ತಿಂದರೇನು’ ಎಂದು ಕೇಳುವವರಿದ್ದಾರೆ. ದಿನಕ್ಕೆ ಒಂದು ಲೋಟ ಮೂತ್ರ ಬರುತ್ತಿದ್ದರೂ ಅದು ಚಿನ್ನ. ಅಷ್ಟು ನೀರು ಹೆಚ್ಚಿಗೆ ಕುಡಿಯಬಹುದು, ಅಷ್ಟು ಪೊಟ್ಯಾಸಿಯಂ ತಾನಾಗಿ ಹೋಗುತ್ತದೆ. ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್ ಅದನ್ನೂ ಬತ್ತಿಸುತ್ತವೆ. ಮೇಲಾಗಿ ಡಯಾಲಿಸಿಸ್‌ನಲ್ಲಿ ರಕ್ತ ಹೆಪ್ಪುಗಟ್ಟದಿರಲು ಹೆಪಾರಿನ್ ಕೊಟ್ಟಿರುತ್ತಾರೆ, ಈ ಮಾತ್ರೆಗಳಿಂದ ಹೊಟ್ಟೆಯಲ್ಲಿ ಹುಣ್ಣಾದರೆ ರಕ್ತ ನಿಲ್ಲುವುದು ಕಷ್ಟ. ನೋವಿಗೆ ಮೊದಲ ಆಯ್ಕೆ ಪ್ಯಾರಸಿಟಮಾಲ್, ಅದೂ ದಿನಕ್ಕೆ 3 ಗ್ರಾಂ ಮೀರದಂತೆ.

ಪ್ರಶ್ನೆ: ಡಯಾಲಿಸಿಸ್ ಶುರುವಾದ ಮೇಲೆ ನನ್ನ ಯಜಮಾನರ ಶುಗರ್ ತಾನಾಗಿ ಇಳಿದಿದೆ. ಇನ್ಸುಲಿನ್ ಅರ್ಧಕ್ಕೆ ಬಂದಿದೆ. ಸಕ್ಕರೆ ಕಾಯಿಲೆ ವಾಸಿಯಾಗುತ್ತಿದೆಯೇ? – ಓದುಗರು, ಚನ್ನಪಟ್ಟಣ

ಉತ್ತರ: ವಾಸಿಯಾಗುತ್ತಿಲ್ಲಮ್ಮ. ಇನ್ಸುಲಿನ್ ಅನ್ನು ಒಡೆದು ಮುಗಿಸುವುದರಲ್ಲಿ ಕಿಡ್ನಿಯದು ದೊಡ್ಡ ಪಾಲು. ಕಿಡ್ನಿ ನಿಂತ ಮೇಲೆ ಹಾಕಿಕೊಂಡ ಇನ್ಸುಲಿನ್ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ಊಟವೂ ಕಡಿಮೆಯಾಗಿರುತ್ತದೆ. ಹಾಗಾಗಿ ಶುಗರ್ ಇಳಿಯುತ್ತದೆ. ಈಗ ಹೆದರಬೇಕಾದ್ದು ಅದು ಏರುವುದಕ್ಕಲ್ಲ, ರಾತ್ರಿಯ ಹೊತ್ತು ತೀರಾ ಕುಸಿಯುವುದಕ್ಕೆ. ಹಳೆಯ ಡಬ್ಬಿಯಲ್ಲಿ ಗ್ಲಿಬೆನ್‌ಕ್ಲಮೈಡ್ ಅಥವಾ ಮೆಟ್‌ಫಾರ್ಮಿನ್ ಉಳಿದಿದ್ದರೆ ತೆಗೆದಿಡಿ. ಎರಡೂ ಈಗ ಅವರಿಗಲ್ಲ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯೂ ಇವರಲ್ಲಿ ಇರುವುದಕ್ಕಿಂತ ಕಡಿಮೆ ತೋರಿಸಬಹುದು, ಏಕೆಂದರೆ ಕೆಂಪು ರಕ್ತಕಣಗಳ ಆಯುಷ್ಯ ಕಡಿಮೆಯಾಗಿರುತ್ತದೆ. ಮನೆಯ ಗ್ಲೂಕೋಮೀಟರ್‌ನಲ್ಲಿ ನೋಡಿ ಬರೆದಿಟ್ಟ ಸಂಖ್ಯೆಗಳೇ ಹೆಚ್ಚು ನಂಬಿಕೆಗೆ ಅರ್ಹ.

ಪ್ರಶ್ನೆ: ಮೇಡಂ, ನಾನು ಡಿ.ಫಾರ್ಮ ಮುಗಿಸಿ ಊರಲ್ಲೇ ಮೆಡಿಕಲ್ ಶಾಪ್ ಇಟ್ಟಿದ್ದೇನೆ. ನಮ್ಮ ಸುತ್ತಲಿನ ಹಳ್ಳಿಗಳ ಹತ್ತಾರು ಡಯಾಲಿಸಿಸ್ ರೋಗಿಗಳು ನನ್ನಲ್ಲೇ ಔಷಧ ಒಯ್ಯುತ್ತಾರೆ. ಚೀಟಿಯಲ್ಲಿ ಇದ್ದದ್ದನ್ನು ಕೊಡುವುದು ಬಿಟ್ಟು ನನ್ನಂಥವನು ಏನು ಮಾಡಲು ಸಾಧ್ಯ? ಡಾಕ್ಟರ್ ಕೆಲಸದಲ್ಲಿ ಮೂಗು ತೂರಿಸಿದಂತೆ ಆಗುವುದಿಲ್ಲವೇ? – ಫಾರ್ಮಸಿಸ್ಟ್, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರ ಓದಿ ಬಹಳ ಸಂತೋಷವಾಯಿತು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೆ.

ಮೊದಲು ಕಾನೂನಿನ ಮಾತು. ಭಾರತೀಯ ಫಾರ್ಮಸಿ ಕೌನ್ಸಿಲ್‌ನ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ಔಷಧದ ಬಗ್ಗೆ ತಿಳಿಹೇಳುವುದನ್ನು ನಿಮ್ಮ ಕರ್ತವ್ಯ ಎಂದೇ ಹೇಳುತ್ತವೆ. ಚೀಟಿಯನ್ನು ಪರಿಶೀಲಿಸುವುದು, ಅನುಮಾನ ಬಂದರೆ ಬರೆದ ವೈದ್ಯರನ್ನೇ ಸಂಪರ್ಕಿಸುವುದು ನಿಮ್ಮ ಕೆಲಸ. ಬದಲಾಯಿಸುವ ಅಧಿಕಾರ ಮಾತ್ರ ವೈದ್ಯರದ್ದು. ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿನವರು ತೊಂಬತ್ತರ ದಶಕದಲ್ಲೇ ಫಾರ್ಮಸಿಸ್ಟ್‌ಗಳನ್ನು ವಾರ್ಡಿಗೆ ಕರೆದೊಯ್ದು ರೋಗಿಯ ಹಾಸಿಗೆಯ ಪಕ್ಕ ನಿಲ್ಲಿಸಿದ್ದರು. 2008ರಲ್ಲಿ ಫಾರ್ಮ್‌.ಡಿ. ಎಂಬ ಡಾಕ್ಟರ್ ಆಫ್ ಫಾರ್ಮಸಿ ಕೋರ್ಸ್ ಬಂದ ಮೇಲೆ ದೊಡ್ಡ ಆಸ್ಪತ್ರೆಗಳಲ್ಲಿ ಇದು ರೂಢಿಯಾಗುತ್ತಿದೆ. ತಾಲ್ಲೂಕಿಗೆ ಇನ್ನೂ ಇಳಿದಿಲ್ಲ. 2016ರಲ್ಲಿ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದ ಮೇಲೆ ಬಡವರಿಗೂ ಉಚಿತವಾಗಿ ಮಷಿನ್ ಸಿಗುವಂತಾದದ್ದು ದೊಡ್ಡ ಪುಣ್ಯದ ಕೆಲಸ. ಆದರೆ ನಾನು ಕಂಡ ಘಟಕಗಳಲ್ಲಿ ಟೆಕ್ನಿಷಿಯನ್ ಇರುತ್ತಾರೆ, ನರ್ಸ್ ಇರುತ್ತಾರೆ, ನೆಫ್ರಾಲಜಿಸ್ಟ್ ಆಗಾಗ ಬಂದು ಹೋಗುತ್ತಾರೆ, ಫಾರ್ಮಸಿಸ್ಟ್‌ಗೆ ಒಂದು ಕುರ್ಚಿ ಇರುವುದಿಲ್ಲ. ತಿಂಗಳಿಗೆ ಒಂದು ದಿನವಾದರೂ ಒಬ್ಬ ಫಾರ್ಮಸಿಸ್ಟ್ ಅಲ್ಲಿ ಕೂತು ಎಲ್ಲರ ಮಾತ್ರೆ ನೋಡುವ ವ್ಯವಸ್ಥೆ ಆಗಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಲ್ಲಿಯವರೆಗೆ ಆ ಕುರ್ಚಿ ನಿಮ್ಮ ಅಂಗಡಿಯಲ್ಲೇ ಇದೆ.

ಏಕೆ ಬೇಕು ಎನ್ನುವುದಕ್ಕೆ ಒಂದು ಚೀಲದ ಕಥೆ ಹೇಳುತ್ತೇನೆ. ನಮ್ಮಲ್ಲಿ ಹೊಸದಾಗಿ ಡಯಾಲಿಸಿಸ್‌ಗೆ ಸೇರಿದವರಿಗೆ ‘ಮನೆಯಲ್ಲಿರುವ ಔಷಧವನ್ನೆಲ್ಲ, ಬಿಟ್ಟಿದ್ದನ್ನೂ ಸೇರಿಸಿ, ಒಂದು ಚೀಲದಲ್ಲಿ ತನ್ನಿ’ ಎನ್ನುತ್ತೇವೆ. ಒಬ್ಬ ರೈತರು ಬಟ್ಟೆ ಅಂಗಡಿಯ ಕೈಚೀಲ ತಂದು ಮೇಜಿನ ಮೇಲೆ ಸುರಿದರು. ಹೃದಯದ ಡಾಕ್ಟರ್ ಬರೆದ ಆಮ್ಲೊಡಿಪಿನ್ ಒಂದು ಕಂಪನಿಯದು, ಶುಗರ್ ಡಾಕ್ಟರ್ ಬರೆದ ಆಮ್ಲೊಡಿಪಿನ್ ಇನ್ನೊಂದು ಹೆಸರಿನದು; ಎರಡನ್ನೂ ನುಂಗುತ್ತಿದ್ದರು, ಕಾಲು ಊದಿತ್ತು. ಡಯಾಲಿಸಿಸ್‌ನಲ್ಲಿ ಐರನ್ ಸುಕ್ರೋಸ್ ಇಂಜೆಕ್ಷನ್ ನಡೆಯುತ್ತಿದ್ದರೂ ಕಬ್ಬಿಣದ ಕ್ಯಾಪ್ಸೂಲ್ ಬೇರೆ, ಅದರಿಂದ ಮಲಬದ್ಧತೆ, ಮಲಬದ್ಧತೆಗೆ ಮಿಲ್ಕ್ ಆಫ್ ಮೆಗ್ನೀಸಿಯಾ. ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಬೆಳಿಗ್ಗೆ ಒಂದೇ ಗುಟುಕಿಗೆ. ತಳದಲ್ಲಿ ಹಳೆಯ ಅಸಿಕ್ಲೊಫೆನಾಕ್ ಸ್ಟ್ರಿಪ್, ಅರ್ಧ ಖಾಲಿ. ‘ಇದನ್ನೆಲ್ಲ ನುಂಗಿದ ಮೇಲೆ ಊಟಕ್ಕೆ ಜಾಗ ಇರಲ್ಲ ಮೇಡಂ’ ಅಂದರು. ಅಮೆರಿಕದ ಡಯಾಲಿಸಿಸ್ ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅರ್ಧದಷ್ಟು ಜನ ದಿನಕ್ಕೆ 19 ಅಥವಾ ಅದಕ್ಕೂ ಹೆಚ್ಚು ಮಾತ್ರೆ ನುಂಗುತ್ತಿದ್ದರು. ನಮ್ಮವರ ಚೀಲಗಳೂ ಅದಕ್ಕೆ ಬಹಳ ಹಿಂದೆ ಬಿದ್ದಿಲ್ಲ.

ಆ ಮೇಜಿನ ಮೇಲೆ ಇದ್ದ ಒಂದೊಂದು ಚೀಟಿಯೂ ತನ್ನಷ್ಟಕ್ಕೆ ಸರಿಯೇ. ಎಲ್ಲವನ್ನೂ ಒಟ್ಟಿಗೆ ನೋಡಿದವರು ಮಾತ್ರ ಯಾರೂ ಇರಲಿಲ್ಲ. ನಾನು ಪಟ್ಟಿ ಮಾಡಿ ನೆಫ್ರಾಲಜಿಸ್ಟ್‌ಗೆ ತೋರಿಸಿದೆ, ಅವರು ಗೆರೆ ಎಳೆದು ಎಳೆದು ಅರ್ಧ ಪುಟ ಖಾಲಿ ಮಾಡಿದರು. ಕಾಲಿನ ಊತ ಇಳಿಯಿತು, ಔಷಧದ ಖರ್ಚೂ ಇಳಿಯಿತು.

ಇದನ್ನು ನೀವೂ ಮಾಡಬಹುದು. ಪ್ರತಿ ಡಯಾಲಿಸಿಸ್ ರೋಗಿಯ ಹೆಸರಿನಲ್ಲಿ ಒಂದು ಪುಟ ಇಡಿ: ವಾರದ ಯಾವ ದಿನ, ಯಾವ ಹೊತ್ತಿನ ಪಾಳಿ, ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲೆಂದು ರಕ್ತನಾಳ ಜೋಡಿಸಿದ ಜಾಗ) ಯಾವ ಕೈಯಲ್ಲಿ, ಈಗ ನಡೆಯುತ್ತಿರುವ ಔಷಧಗಳು, ಯಾವುದು ಆಗಿಬರುವುದಿಲ್ಲ. ಹೊಸ ಚೀಟಿ ಬಂದಾಗ ಆ ಪುಟದ ಪಕ್ಕ ಇಟ್ಟು ನೋಡಿ. ಬ್ಯಾಕ್ಲೊಫೆನ್, ಮೆಟ್‌ಫಾರ್ಮಿನ್, ಪೂರ್ತಿ ಪ್ರಮಾಣದ ಅಸೈಕ್ಲೊವಿರ್ ಕಂಡರೆ ಕೊಡುವ ಮುಂಚೆ ಬರೆದವರಿಗೆ ಫೋನ್ ಮಾಡಿ. ‘ಸರ್, ಇವರಿಗೆ ಡಯಾಲಿಸಿಸ್ ನಡೀತಿದೆ, ಡೋಸ್ ಇದೇ ಇರಲಾ?’ ಎಂದು ವಿನಯವಾಗಿ ಕೇಳಿದರೆ ಬೇಸರ ಮಾಡಿಕೊಂಡ ವೈದ್ಯರನ್ನು ನಾನು ಅಪರೂಪಕ್ಕೆ ಕಂಡಿದ್ದೇನೆ. ಎಷ್ಟೋ ಸಲ ರೋಗಿ ಅವರಿಗೆ ಆ ವಿಷಯವನ್ನೇ ಹೇಳಿರುವುದಿಲ್ಲ. ಓದಲು ಬಾರದವರಿಗೆ ಸ್ಟ್ರಿಪ್ ಮೇಲೆ ಮಾರ್ಕರ್‌ನಲ್ಲಿ ಗುರುತು ಹಾಕಿಕೊಡಿ, ಊಟದ ನಡುವಿನದಕ್ಕೆ ತಟ್ಟೆಯ ಚಿತ್ರ, ಡಯಾಲಿಸಿಸ್ ಆದ ಮೇಲಿನದಕ್ಕೆ ಅವರಿಗೆ ಅರ್ಥವಾಗುವ ಯಾವುದಾದರೂ ಗುರುತು. ದುಡ್ಡಿಲ್ಲದೆ ಮಾತ್ರೆ ಬಿಡುವವರು ಅದನ್ನು ಡಾಕ್ಟರ್ ಮುಂದೆ ಹೇಳುವುದಿಲ್ಲ, ನಿಮ್ಮ ಕೌಂಟರ್ ಮುಂದೆ ‘ಹತ್ತು ಬೇಡ, ಐದು ಕೊಡಿ’ ಎನ್ನುತ್ತಾರೆ. ಅದನ್ನು ಕೇಳಿಸಿಕೊಳ್ಳುವ ಅವಕಾಶ ಇರುವುದು ನಿಮಗೊಬ್ಬರಿಗೇ. ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಕಡಿಮೆಗೆ ಸಿಗುವುದಾದರೆ ಹೇಳಿ ಕಳಿಸಿ. ಒಂದು ಬಿಲ್ ಹೋಗಬಹುದು, ಆ ಮನೆಯವರ ವಿಶ್ವಾಸ ನಿಮ್ಮಲ್ಲಿ ಉಳಿಯುತ್ತದೆ.

ಪ್ರಶ್ನೆ: ಹೆಪಟೈಟಿಸ್ ಬಿ ಲಸಿಕೆ ನನಗೆ ನಾಲ್ಕು ಸಲ, ಪ್ರತಿ ಸಲ ಎರಡೆರಡು ಡೋಸ್ ಹಾಕಬೇಕೆಂದರು. ಬೇರೆಯವರಿಗೆ ಮೂರೇ ಅಲ್ಲವೇ? – ಓದುಗರು, ಸಾಗರ

ಉತ್ತರ: ಅವರು ಹೇಳಿದ್ದು ಸರಿ. ಕಿಡ್ನಿ ವಿಫಲವಾದವರ ದೇಹ ಲಸಿಕೆಗೆ ಸ್ಪಂದಿಸುವುದು ಕಡಿಮೆ. ಅದಕ್ಕೇ ದೊಡ್ಡವರ 20 ಮೈಕ್ರೋಗ್ರಾಂ ಬದಲಿಗೆ 40, ಮೊದಲ ದಿನ, ಒಂದು, ಎರಡು ಮತ್ತು ಆರನೇ ತಿಂಗಳಲ್ಲಿ. ಕೊನೆಯದಾದ ಒಂದೆರಡು ತಿಂಗಳಿಗೆ ಪ್ರತಿಕಾಯದ ಮಟ್ಟ ನೋಡಿಸಿ, 10ಕ್ಕಿಂತ ಮೇಲಿರಬೇಕು. ಆಮೇಲೆ ವರ್ಷಕ್ಕೊಮ್ಮೆ ಈ ಮಟ್ಟ ನೋಡಿಸಿ. ಚುಚ್ಚುವುದು ಫಿಸ್ಟುಲಾ ಇಲ್ಲದ ಕೈಗೆ.

ಪ್ರಶ್ನೆ: ಎಳನೀರು, ಬಾಳೆದಿಂಡಿನ ರಸ ಕಿಡ್ನಿಗೆ ಒಳ್ಳೆಯದೆಂದು ನೆಂಟರು ಹೇಳುತ್ತಾರೆ. ಕೊಡಬಹುದೇ? – ಓದುಗರು, ಮದ್ದೂರು

ಉತ್ತರ: ಬೇಡ. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು. ಮೂತ್ರವಿಲ್ಲದ ಮೈಯಲ್ಲಿ ಅದು ಏರಿದರೆ ಮುನ್ಸೂಚನೆಯನ್ನೇ ಕೊಡದೆ ಹೃದಯ ನಿಲ್ಲಿಸಬಲ್ಲದು. ‘ಕಡಿಮೆ ಸೋಡಿಯಂ’ ಎಂದು ಮಾರುವ ಉಪ್ಪುಗಳೂ ಬೇಡ, ಅವುಗಳಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ. ನಾಟಿ ಔಷಧ, ಭಸ್ಮ ಏನೇ ಕೊಡುತ್ತಿದ್ದರೂ ಬಚ್ಚಿಡದೆ ಘಟಕದಲ್ಲಿ ಹೇಳಿ. ಯಾರೂ ಬೈಯುವುದಿಲ್ಲ, ಬೈದರೂ ಹೇಳಿ.

ಪ್ರಶ್ನೆ: ನಾನೇ ರೋಗಿ, ವಯಸ್ಸು 38. ಹಿಮೋಗ್ಲೋಬಿನ್ 7.9. ರಕ್ತ ಏರಲೆಂದು ಬರೆದುಕೊಟ್ಟ ಎರಿಥ್ರೊಪೊಯೆಟಿನ್ ಇಂಜೆಕ್ಷನ್ನು ಕಲಬುರಗಿಯಿಂದ ತಿಂಗಳಿಗಾಗುವಷ್ಟು ತರುತ್ತೇನೆ. ಬಸ್ಸಿನಲ್ಲಿ ಎರಡು ಗಂಟೆ, ನಮ್ಮ ಕಡೆ ಬಿಸಿಲು ನಿಮಗೆ ಗೊತ್ತೇ ಇದೆ. ಮನೆಗೆ ಬಂದ ಕೂಡಲೇ ಫ್ರೀಜರ್‌ಗೆ ಹಾಕುತ್ತೇನೆ. ಆರು ತಿಂಗಳಾದರೂ ರಕ್ತ ಏರುತ್ತಿಲ್ಲ. ಡೋಸ್ ಹೆಚ್ಚಿಸೋಣ ಅನ್ನುತ್ತಿದ್ದಾರೆ. – ಓದುಗರು, ಯಾದಗಿರಿ ಜಿಲ್ಲೆ

ಉತ್ತರ: ಡೋಸ್ ಹೆಚ್ಚಿಸುವ ಮುಂಚೆ ಆ ಫ್ರೀಜರ್ ವಿಷಯವನ್ನು ನಿಮ್ಮ ವೈದ್ಯರಿಗೆ ಇವತ್ತೇ ಹೇಳಿ. ಈ ಇಂಜೆಕ್ಷನ್ ಒಂದು ಪ್ರೋಟೀನ್. 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬಿಸಿಲಿಗೆ ಕೆಡುವಂತೆಯೇ ಹೆಪ್ಪುಗಟ್ಟಿದರೂ ಕೆಡುತ್ತದೆ, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ತಿಳಿಯಾಗಿ ಕಾಣಬಹುದು. ಹೆಪ್ಪುಗಟ್ಟಿದ್ದನ್ನು ಬಳಸಬೇಡಿ, ಎಷ್ಟೇ ದುಡ್ಡು ಕೊಟ್ಟು ತಂದಿದ್ದರೂ.

ತರುವಾಗ ಥರ್ಮೋಕೋಲ್ ಡಬ್ಬಿ, ಒಳಗೆ ಐಸ್ ಜೆಲ್ ಪ್ಯಾಕ್, ಅದರ ಮೇಲೆ ದಪ್ಪ ಬಟ್ಟೆ ಅಥವಾ ಕಾಗದ, ಆಮೇಲೆ ಇಂಜೆಕ್ಷನ್. ಐಸ್‌ಗೆ ನೇರವಾಗಿ ತಾಗಬಾರದು. ಬಸ್ಸಿನಲ್ಲಿ ಇಂಜಿನ್ ಪಕ್ಕ, ಕಿಟಕಿಯ ಬಿಸಿಲಲ್ಲಿ ಇಡಬೇಡಿ. ಮನೆಯಲ್ಲಿ ಫ್ರಿಜ್‌ನ ನಡುವಿನ ತಟ್ಟೆಯಲ್ಲಿ, ರಟ್ಟಿನ ಪೆಟ್ಟಿಗೆಯೊಳಗೇ ಇರಲಿ, ಬಾಗಿಲಲ್ಲಿ ಬೇಡ. ಕುಲುಕಬೇಡಿ. ಕರೆಂಟ್ ಹೆಚ್ಚು ಹೊತ್ತು ಹೋಗುವ ಊರಾದರೆ ಡಯಾಲಿಸಿಸ್ ಘಟಕದ ಫ್ರಿಜ್‌ನಲ್ಲಿ ನಿಮ್ಮ ಹೆಸರು ಬರೆದು ಇಡಲು ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ಒಂದೇ ಸಲ ತಿಂಗಳಿಗಾಗುವಷ್ಟು ತರುವುದಕ್ಕಿಂತ ಹದಿನೈದು ದಿನಕ್ಕಾಗುವಷ್ಟು ತಂದರೆ ಹಾಳಾದರೂ ನಷ್ಟ ಕಡಿಮೆ.

ಇಂಜೆಕ್ಷನ್ ಚೆನ್ನಾಗಿದ್ದೂ ರಕ್ತ ಏರದಿದ್ದರೆ ಕಬ್ಬಿಣದ ಕೊರತೆಯೇ ಮೊದಲ ಅನುಮಾನ. ಆಮೇಲೆ ಎಲ್ಲಾದರೂ ಸೋಂಕು, ರಕ್ತಸ್ರಾವ, ಸಾಕಷ್ಟು ಆಗದ ಡಯಾಲಿಸಿಸ್. ಕಬ್ಬಿಣವಿಲ್ಲದೆ ಈ ಔಷಧಕ್ಕೆ ರಕ್ತ ಕಟ್ಟಲು ಸಾಮಗ್ರಿಯೇ ಇರುವುದಿಲ್ಲ. ಮೈಯಲ್ಲಿ ಕಬ್ಬಿಣ ಎಷ್ಟಿದೆ ಎಂದು ತಿಳಿಸುವ ಸೀರಮ್ ಫೆರಿಟಿನ್, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎಂಬ ಎರಡು ಪರೀಕ್ಷೆಗಳ ಇತ್ತೀಚಿನ ವರದಿ ಇದೆಯೇ ನೋಡಿ, ಇಲ್ಲದಿದ್ದರೆ ಮಾಡಿಸಲು ಕೇಳಿ. ಡೋಸ್ ಏರಿಸಿದರೆ ಬಿ.ಪಿ. ಕೂಡ ಏರುವುದುಂಟು, ವಾರವಾರ ನೋಡಿಸಿಕೊಳ್ಳಿ. ಹಿಮೋಗ್ಲೋಬಿನ್ ಗುರಿ ಸಾಮಾನ್ಯವಾಗಿ 10ರಿಂದ 11.5ರ ನಡುವೆ. ಆರೋಗ್ಯವಂತರಂತೆ 14 ಆಗಲಿ ಎಂದು ಒತ್ತಾಯಿಸಬೇಡಿ. 13 ದಾಟಿಸಲು ಹೋದರೆ ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟಿ ಫಿಸ್ಟುಲಾ ಮುಚ್ಚಿಕೊಳ್ಳುವ ಅಪಾಯ ಹೆಚ್ಚು. ಈಗಿರುವ ಪೆಟ್ಟಿಗೆಗಳ ಬ್ಯಾಚ್ ನಂಬರ್, ಕೊನೆಯ ದಿನಾಂಕ ಬರೆದುಕೊಂಡು, ಬಿಲ್ ಜೊತೆಗೆ ಮುಂದಿನ ಡಯಾಲಿಸಿಸ್‌ಗೆ ಒಯ್ದು ತೋರಿಸಿ.